ಅಯಾನ್ ಇಂಜಿನ್ನಿನ ಬದಿಯಲ್ಲಿ ಕೂತಿರುವ ಆ ಸಣ್ಣ ಪಾರ್ಟು

ಸಿಟಿ ಬಸ್ಸಲ್ಲಿ ಕಂಡಕ್ಟರ್ ಚಿಲ್ಲರೆ ಅಂತ ಕೊಡುವ ಹತ್ತು ರೂಪಾಯಿ ನಾಣ್ಯ ಉಂಟಲ್ಲ, ಅದನ್ನು ಅಂಗೈ ಮೇಲೆ ಇಟ್ರೆ ಎಷ್ಟು ಭಾರ ಆಗ್ತದೋ ಅದಕ್ಕಿಂತ ಚೂರು ಜಾಸ್ತಿ, ಅಷ್ಟೇ ನಾಸಾದ ಡಾನ್ ನೌಕೆಯ ಅಯಾನ್ ಇಂಜಿನ್ನಿನ ಫುಲ್ ತಾಕತ್ತು. ನೌಕೆಯ ತೂಕ ಟನ್ನಿನ ಮೇಲೆ. ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರ್ ಹತ್ತಿರ ಬರ್ಲಿಕ್ಕೆ ನಾಲ್ಕು ದಿನ ಬೇಕು ಮಾರ್ರೆ! ಪಿಲಿಕುಳ ತಾರಾಲಯದಲ್ಲಿ ರಾಕೆಟ್ ಬೆಂಕಿ ಉಗುಳುದು ನೋಡಿ ಬಂದಿದ್ದ ಅಕ್ಕನ ಮಗನಿಗೆ ಇದನ್ನು ಹೇಳಿದ್ರೆ ಅವ, ಮತ್ತೆ ಅದನ್ನು ಹಾಕುದೆಂತಕ್ಕೆ ಅಂತ ಕೇಳಿದ.

ಕೇಳಬೇಕಾದ್ದೇ. ಉತ್ತರ ಇಂಧನದ ಉಳಿತಾಯ. ಮಾಮೂಲಿ ರಾಕೆಟ್ಟಿನ ಬಿಸಿ ಗ್ಯಾಸು ಸೆಕೆಂಡಿಗೆ 3-4 ಕಿಲೋಮೀಟರ್ ಸ್ಪೀಡಲ್ಲಿ ಹೊರಗೆ ಬರ್ತದೆ, ಇದರಲ್ಲಿ 30ರ ಹತ್ರ, ಅಂದ್ರೆ ಹಿಂದೆ ಬಿಸಾಡುವ ಮಾಲು ಸ್ವಲ್ಪ ಇದ್ರೂ ಸಾಕು, ತಿಂಗಳುಗಟ್ಟಲೆ ನಿಲ್ಲಿಸದೆ ತಳ್ತಾ ಇರಬಹುದು. ಡಾನ್ 425 ಕೆಜಿ ಕ್ಸೆನಾನ್ ಅನ್ನುವ ಗ್ಯಾಸು ಹೊತ್ಕೊಂಡು 2007ರಲ್ಲಿ ಹೊರಟದ್ದು, 2011ರಲ್ಲಿ ವೆಸ್ಟಾ ಅನ್ನುವ ಕ್ಷುದ್ರಗ್ರಹಕ್ಕೆ ಸುತ್ತು ಹಾಕಿ, ಅಲ್ಲಿಂದ ಎದ್ದು 2015ರಲ್ಲಿ ಸಿರಿಸ್ ಅನ್ನುವ ಕುಬ್ಜಗ್ರಹದ ಸುತ್ತ ಹೋಗಿ ಕೂತಿತು.

ಒಳಗೆ ನಡೆಯುದು ಇಷ್ಟು. ಕ್ಸೆನಾನ್ ಪರಮಾಣುಗಳಿಗೆ ಎಲೆಕ್ಟ್ರಾನಿಂದ ಗುದ್ದಿ ಒಂದೊಂದು ಎಲೆಕ್ಟ್ರಾನ್ ಉದುರಿಸುದು, ಆಗ ಅವು ಪ್ಲಸ್ ಚಾರ್ಜಿನ ಅಯಾನ್ ಆಗ್ತವೆ. ಇಂಜಿನ್ನಿನ ಬಾಯಲ್ಲಿ ಸಾವಿರಾರು ತೂತಿರುವ ಎರಡು ತೆಳು ಪ್ಲೇಟು, ತೂತಿಗೆ ತೂತು ಸರಿಯಾಗಿ ಎದುರು, ನಡುವೆ ಒಂದು ಮಿಲಿಮೀಟರೂ ಜಾಗ ಇಲ್ಲ, ಆದ್ರೆ ವೋಲ್ಟೇಜು ಸಾವಿರದ ಮೇಲೆ. ಅಯಾನು ಆ ಸಂದಿಗೆ ಬಂತು ಅಂದ್ರೆ ಮುಗೀತು, ಎಳೆದು ಹೊರಗೆ ಬಿಸಾಡ್ತದೆ. ಕೆಲವು ದಾರಿ ತಪ್ಪಿ ಹೊರಗಿನ ಪ್ಲೇಟಿಗೇ ಹೊಡೆದು ಅದನ್ನು ನಿಧಾನಕ್ಕೆ ತಿಂತಾ ಬರ್ತವೆ, ಇಂಜಿನ್ ಎಷ್ಟು ಬಾಳಿಕೆ ಬರ್ತದೆ ಅನ್ನುದಕ್ಕೆ ಅದೂ ಒಂದು ಲೆಕ್ಕ. ಕರೆಂಟು ಸೋಲಾರಿಂದ, ಹಾಗಾಗಿ ಸೂರ್ಯನಿಂದ ದೂರ ಹೋದ ಹಾಗೆ ತಳ್ಳುವ ಶಕ್ತಿಯೂ ಇಳೀತದೆ.

ಫೋಟೋದಲ್ಲಿ ಎಲ್ಲರೂ ನೋಡುದು ಆ ನೀಲಿ ಬೆಳಕನ್ನು. ನನಗೆ ಇಷ್ಟ ಆದದ್ದು ಬದಿಯಲ್ಲಿ ಕೂತಿರುವ ನ್ಯೂಟ್ರಲೈಸರ್. ಪ್ಲಸ್ ಅಯಾನುಗಳನ್ನೇ ಹೊರಗೆ ಹಾಕ್ತಾ ಹೋದ್ರೆ ಉದುರಿಸಿದ ಎಲೆಕ್ಟ್ರಾನುಗಳು ನೌಕೆಯಲ್ಲೇ ಉಳೀತವೆ, ನೌಕೆಗೆ ಮೈನಸ್ ಚಾರ್ಜ್ ಏರ್ತದೆ, ಆಮೇಲೆ ಕಳಿಸಿದ ಅಯಾನುಗಳನ್ನು ಅದೇ ವಾಪಸ್ ಎಳ್ಕೊಳ್ತದೆ, ಮಾಡಿದ ಕೆಲಸ ಎಲ್ಲ ನೀರಲ್ಲಿ ಹೋಮ. ಅದಕ್ಕೇ ಇದು ಅಷ್ಟೇ ಲೆಕ್ಕದ ಎಲೆಕ್ಟ್ರಾನುಗಳನ್ನು ಹೊರಗೆ ಹೋಗುವ ಅಯಾನುಗಳ ಜೊತೆ ಬಿಟ್ಟುಬಿಡ್ತದೆ.

ಇದರ ಬೆಲೆ ಗೊತ್ತಾಗಬೇಕಾದ್ರೆ ಜಪಾನಿನ ಹಯಾಬುಸಾ ನೌಕೆಯ ಕತೆ ನೋಡಿ. ಇಟೊಕಾವಾ ಅನ್ನುವ ಕ್ಷುದ್ರಗ್ರಹಕ್ಕೆ ಹೋಗಿ ವಾಪಸ್ ಬರುವಾಗ, 2009ರ ನವೆಂಬರಲ್ಲಿ, ನಾಲ್ಕು ಇಂಜಿನ್ನಲ್ಲಿ ಯಾವುದೂ ಒಂಟಿಯಾಗಿ ಊರು ಮುಟ್ಟಿಸುವ ಸ್ಥಿತಿಯಲ್ಲಿ ಇರ್ಲಿಲ್ಲ. ಬಿ ಇಂಜಿನ್ನಲ್ಲಿ ಅಯಾನ್ ಮಾಡುವ ಭಾಗ ಸರಿ ಉಂಟು, ನ್ಯೂಟ್ರಲೈಸರ್ ಹೋಗಿದೆ. ಎ ಇಂಜಿನ್ನಿನ ನ್ಯೂಟ್ರಲೈಸರ್ ಸರಿ ಉಂಟು. ಪುಣ್ಯಕ್ಕೆ ಎರಡನ್ನು ಸೇರಿಸ್ಲಿಕ್ಕೆ ಆಗುವ ಹಾಗೆ ಒಂದು ಡಯೋಡನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪಾರ್ಟು) ಮೊದಲೇ ಹಾಕಿಟ್ಟಿದ್ರು. ಅಯಾನು ಬಿ-ಯಿಂದ, ಎಲೆಕ್ಟ್ರಾನು ಎ-ಯಿಂದ, ಹೀಗೆ ಜೋಡಿಸಿ ಓಡಿಸಿ 2010ರ ಜೂನಲ್ಲಿ ಆಸ್ಟ್ರೇಲಿಯಾದಲ್ಲಿ ಧೂಳಿನ ಡಬ್ಬಿ ಇಳಿಸಿದ್ರು!

ಅದೇ 2010ರ ಏಪ್ರಿಲಲ್ಲಿ ಇಸ್ರೋದ ಜಿಸ್ಯಾಟ್-4 ಉಪಗ್ರಹ ಇಂಥದ್ದೇ ಎಲೆಕ್ಟ್ರಿಕ್ ಥ್ರಸ್ಟರ್, ಅಂದ್ರೆ ಕರೆಂಟಲ್ಲಿ ತಳ್ಳುವ ಸಣ್ಣ ಇಂಜಿನ್, ಹೊತ್ಕೊಂಡು ಹೊರಟದ್ದು, ರಾಕೆಟ್ಟೇ ಕೈಕೊಟ್ಟು ಸಮುದ್ರ ಸೇರಿತು. ಮೇ 2017ರ ಜಿಸ್ಯಾಟ್-9ರಲ್ಲಿ ಮತ್ತೆ ಹಾಕಿದ್ರು, ಈ ಸಲ ಮೇಲೆ ಮುಟ್ಟಿತು. ಆ ಉಪಗ್ರಹದ ಕೆಲಸ ನಡೆದ ಬೆಂಗಳೂರಿನ ಸೆಂಟರಿಗೆ ಈಗ ಇಸ್ರೋದ ಅಧ್ಯಕ್ಷರಾಗಿದ್ದ ನಮ್ಮ ಅದಮಾರಿನ ಯು. ಆರ್. ರಾವ್ ಹೆಸರು. ಜಿಸ್ಯಾಟ್-9ರಲ್ಲಿದ್ದದ್ದು ಹಾಲ್ ಥ್ರಸ್ಟರ್, ಅಂದ್ರೆ ಪ್ಲೇಟುಗಳಿಲ್ಲ, ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳನ್ನು ಸುತ್ತಿಸಿ ಹಿಡಿದಿಟ್ಟು ಕೆಲಸ ತೆಗೆಯುದು. ಆದ್ರೆ ಬದಿಯಲ್ಲಿ ಎಲೆಕ್ಟ್ರಾನು ಬಿಡ್ಲಿಕ್ಕೆ ಒಂದು ಕ್ಯಾಥೋಡ್ ಅದಕ್ಕೂ ಬೇಕೇ ಬೇಕು.