ಎಲಿ ಹಾಪ್ಸ್: ಹತ್ತು ಜಿಗಿತ ಕಲಿಯುತ್ತಿರುವ ದಿನಚರಿ

ದಿನ 1

ಮಗ ಎರಡು ವರ್ಷದ ಹಿಂದೆ ಹಠ ಮಾಡಿ ತರಿಸಿಕೊಂಡ ಅಲ್ಯೂಮಿನಿಯಂ ಯೋಯೋ ಈಗ ನನ್ನದು. ಅವನಿಗೆ ಈಗ ಕ್ರಿಕೆಟ್ ಬಿಟ್ಟು ಬೇರೆ ಏನೂ ಬೇಡ. ನಾನು ಟೈಲರ್. ಹಾಸನದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೆಳಗ್ಗೆ ಗಿರಾಕಿಗಳು ಬರುವ ಮೊದಲು ತಾರಸಿಯ ಮೇಲೆ ಅರ್ಧ ಗಂಟೆ ಅಭ್ಯಾಸ. ನಾಲ್ಕು ತಿಂಗಳಲ್ಲಿ ಎಸೆಯೋದು, ಬೈಂಡ್ ಮಾಡಿ ವಾಪಸ್ ಕರೆಸೋದು, ಟ್ರಪೀಜ್, ಇಷ್ಟು ಬಂದಿದೆ. ಇನ್ನು ಎಲಿ ಹಾಪ್ಸ್. ಒಂದೇ ಎಸೆತದಲ್ಲಿ ಹತ್ತು ಜಿಗಿತ, ಆಮೇಲೆ ಬೈಂಡ್. ಇದು ಗುರಿ.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಪೀಜ್ ಅಂದರೆ ಯೋಯೋನ ಪಕ್ಕಕ್ಕೆ ಎಸೆದು, ದಾರವನ್ನು ಎಡಗೈ ತೋರುಬೆರಳಿನ ಮೇಲೆ ಹಾಯಿಸಿ, ಯೋಯೋ ಸುತ್ತಿಕೊಂಡು ಬಂದು ಎರಡು ಕೈಗಳ ನಡುವಿನ ದಾರದ ಮೇಲೆಯೇ ಕೂರುವ ಹಾಗೆ ಮಾಡೋದು. ಎಲಿ ಹಾಪ್ಸ್‌ನಲ್ಲಿ ಹಾಗೆ ಕೂತ ಯೋಯೋ ದಾರ ಬಿಟ್ಟು ಮೇಲಕ್ಕೆ ಜಿಗಿಯಬೇಕು. ಮತ್ತೆ ಅದೇ ದಾರದ ಮೇಲೆ ಇಳಿಯಬೇಕು. ಮತ್ತೆ ಜಿಗಿಯಬೇಕು. ಯೋಯೋದ ಎರಡು ಬಟ್ಟಲುಗಳ ನಡುವಿನ ಸಂದು ಅಚ್ಚಿನ ಹತ್ತಿರ 4.5 ಮಿಲಿಮೀಟರ್ ಅಷ್ಟೇ. ಹೊರಗಡೆ ಅಗಲವಾಗಿದೆ, ಒಳಗೆ ಹೋಗ್ತಾ ಕಿರಿದಾಗುತ್ತೆ. ದಾರ ಆ ಇಳಿಜಾರಿನ ಬಾಯಿಗೆ ಸಿಕ್ಕರೆ ಸಾಕು, ತಾನೇ ಜಾರಿ ಒಳಗೆ ಹೋಗುತ್ತೆ. ಸಿಗದಿದ್ದರೆ ಯೋಯೋ ಪಕ್ಕಕ್ಕೆ ಬಿದ್ದು ದಾರ ಗಂಟಾಗುತ್ತೆ.

ಇವತ್ತು 40 ಪ್ರಯತ್ನ. ಒಂದೂ ಇಳಿಯಲಿಲ್ಲ.

ದಿನ 3

ಜಿಗಿತ ಬರ್ತಿದೆ. ಆದರೆ ತುಂಬ ಎತ್ತರ. ಒಮ್ಮೆ ಕೆನ್ನೆಯ ಎಲುಬಿಗೆ ಸರಿಯಾಗಿ ಬಿತ್ತು. 66 ಗ್ರಾಂ ಲೋಹ, ನೀಲಿ ಗುರುತು ಬಂದಿದೆ. ಮಗ ಹಲ್ಲುಜ್ಜುತ್ತಾ ನಿಂತು ನೋಡಿದ. "ಅಮ್ಮಾ, ನೀನು ಅದನ್ನ ಮೇಲಕ್ಕೆ ಎಸೀತಿದೀಯ. ಎಸೀಬೇಡ. ಎರಡೂ ಕೈ ಪಟಕ್ ಅಂತ ಅಗಲ ಮಾಡು, ಅದೇ ಜಿಗಿಯುತ್ತೆ" ಅಂದ.

ಅವನು ಹೇಳಿದ್ದು ಸರಿ. ನಾನು ಎರಡೂ ಕೈಯನ್ನ ಮೇಲಕ್ಕೆ ಕುಕ್ಕುತ್ತಿದ್ದೆ, ಕೊಡವಿ ಬಟ್ಟೆ ಹರವುವ ಹಾಗೆ. ಕೈ ಇರೋ ಮಟ್ಟದಲ್ಲೇ ಇದ್ದು ಅಕ್ಕಪಕ್ಕ ಸರಿದರೆ ಜೋತು ಬಿದ್ದ ದಾರ ಬಿಗಿಯಾಗುತ್ತೆ, ಆ ಬಿಗಿಯೇ ಯೋಯೋನ ಚಿಮ್ಮಿಸುತ್ತೆ. ಸಂಜೆ ಹೊತ್ತಿಗೆ ಜಿಗಿತ ಒಂದು ಗೇಣಿಗೆ ಇಳಿಯಿತು. ಗೇಣೆತ್ತರ ಸಾಕು. ಜಾಸ್ತಿ ಎತ್ತರ ಹೋದಷ್ಟೂ ದಾರಿ ತಪ್ಪೋದಕ್ಕೆ ಜಾಸ್ತಿ ಅವಕಾಶ.

ದಿನ 6

ಒಂದು ಇಳಿಯಿತು! ಹೇಗೆ ಅಂತ ಗೊತ್ತಾಗಲಿಲ್ಲ. ಆಮೇಲೆ ಇಡೀ ದಿನ ಇನ್ನೊಂದು ಬರಲಿಲ್ಲ.

ದಿನ 9

ಇವತ್ತು ದಾರದ ಕಥೆ. ಇದನ್ನ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಯಾಕಂದರೆ ಯೋಯೋ ಆಡುವವರು ಇದಕ್ಕೆ ಕೊಡಬೇಕಾದಷ್ಟು ಗಮನ ಕೊಡೋದಿಲ್ಲ ಅಂತ ನನ್ನ ಅನಿಸಿಕೆ.

ಯೋಯೋ ಮೇಲಕ್ಕೆ ಹೋದಾಗ ಕೆಳಗಿನ ದಾರ ನೇರವಾಗಿ ಇರದೆ ಸುರುಳಿ ಸುತ್ತಿಕೊಳ್ತಿತ್ತು. ದಾರ ನೋಡಿದೆ. ಹುರಿ ಏರಿಬಿಟ್ಟಿದೆ. ಎಸೆದು, ಸುತ್ತಿ, ಮತ್ತೆ ಎಸೆದು, ನನ್ನ ಕೈಯಲ್ಲಿ ದಾರ ಬಿಗಿ ಆಗ್ತಾ ಹೋಗುತ್ತೆ. ಹುರಿ ಏರಿದ ದಾರವನ್ನ ಸಡಿಲ ಬಿಟ್ಟ ತಕ್ಷಣ ಅದು ತನ್ನನ್ನೇ ತಾನು ಸುತ್ತಿಕೊಳ್ಳುತ್ತೆ. ಹೊಲಿಗೆ ದಾರದಲ್ಲಿ ದಿನಾ ನೋಡೋದೇ ಅಲ್ವಾ ಇದು. ಬೆರಳಿಂದ ಕುಣಿಕೆ ತೆಗೆದು, ದಾರದ ತುದಿ ಹಿಡಿದು ಯೋಯೋನ ಕೆಳಗೆ ತೂಗಿಬಿಟ್ಟೆ. ಅದು ತಾನಾಗಿಯೇ ತಿರುಗಿ ತಿರುಗಿ, ನಿಧಾನವಾಗಿ, ನಿಂತಿತು. ಹುರಿ ಸಮವಾಯಿತು. ಈಗ ಪ್ರತಿ ಹತ್ತು ಎಸೆತಕ್ಕೆ ಒಮ್ಮೆ ಹೀಗೆ ಮಾಡ್ತೇನೆ.

ಹಳೆ ದಾರ ಸವೆದಿತ್ತು, ಅಂಗಡಿಯಲ್ಲಿದ್ದ ಪಾಲಿಯೆಸ್ಟರ್ ಹೊಲಿಗೆ ದಾರದಿಂದ ಹೊಸದು ಹೊಸೆದೆ. 5 ಎಳೆ ಸೇರಿಸಿ, ಒಂದು ತುದಿಯನ್ನ ಕಿಟಕಿ ಸರಳಿಗೆ ಕಟ್ಟಿ, ಮೂರು ಮೀಟರ್ ದೂರ ನಿಂತು ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ ತಿರುಗಿಸಿದೆ. ದಾರ ಪೂರ್ತಿ ಬಿಗಿಯಾದ ಮೇಲೆ ನಡುವೆ ಹಿಡಿದು ಎರಡು ತುದಿಗಳನ್ನ ಸೇರಿಸಿ ಬಿಟ್ಟರೆ ಸರ್ರನೆ ಒಂದಕ್ಕೊಂದು ಹೆಣೆದುಕೊಳ್ಳುತ್ತೆ. ಚಿಕ್ಕವಳಿದ್ದಾಗ ಅಜ್ಜಿ ಉಡುದಾರ ಹೊಸೆಯುತ್ತಿದ್ದದ್ದೂ ಹೀಗೇ. ಮಡಿಸಿದ ಕಡೆ ತಾನಾಗಿಯೇ ಒಂದು ಕಣ್ಣು ಉಳಿಯುತ್ತೆ. ಅದನ್ನ ಬೆರಳಿಂದ ಅಗಲಿಸಿ ಬೇರಿಂಗ್ ಮೇಲೆ ಹಾಕಿದರೆ ಆಯಿತು. ಎಲ್ಲೂ ಗಂಟು ಬೇಡ.

ಈ ಗಂಟಿಲ್ಲದ ಕಣ್ಣೇ ಇಡೀ ಆಟದ ಮೂಲ. ಚಿಕ್ಕಂದಿನಲ್ಲಿ ಅಪ್ಪ ಚನ್ನಪಟ್ಟಣದಿಂದ ತಂದುಕೊಟ್ಟ ಅರಗಿನ ಬಣ್ಣದ ಮರದ ಯೋಯೋ ಇತ್ತು. ಕೆಂಪು, ಹಳದಿ ಪಟ್ಟೆ. ಅದರ ದಾರ ಅಚ್ಚಿಗೆ ಕಟ್ಟಿತ್ತು, ಹಾಗಾಗಿ ಕೆಳಗೆ ಹೋಗಿ ತಕ್ಷಣ ಮೇಲೆ ಬರ್ತಿತ್ತು. ಕಟ್ಟದೆ ಸುಮ್ನೆ ಕುಣಿಕೆಯಾಗಿ ಹಾಕಿದರೆ ಯೋಯೋ ತಳದಲ್ಲೇ ತಿರುಗುತ್ತಾ ನಿಲ್ಲುತ್ತೆ. ಫಿಲಿಪ್ಪೀನ್ಸ್‌ನಿಂದ ಅಮೆರಿಕಕ್ಕೆ ಹೋದ ಪೆಡ್ರೊ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಯೋಯೋ ತಯಾರಿಸೋದಕ್ಕೆ ಶುರು ಮಾಡಿದಾಗ ಅದರ ದಾರ ಹೀಗೆ ಕುಣಿಕೆಯದ್ದು. ಅವರ ಊರಿನ ಆಟವನ್ನೇ ಅವರು ಅಲ್ಲಿಗೆ ಒಯ್ದರು. ಇವತ್ತು ಬೇರಿಂಗ್ ಬಂದಿದೆ, ಲೋಹ ಬಂದಿದೆ. ಕುಣಿಕೆ ಮಾತ್ರ ಹಾಗೇ ಇದೆ.

ಉದ್ದದ ಲೆಕ್ಕ ಸುಲಭ. ಯೋಯೋನ ನೆಲದ ಮೇಲಿಟ್ಟು, ದಾರವನ್ನ ನೇರ ಮೇಲಕ್ಕೆಳೆದು, ಹೊಕ್ಕುಳಿನ ಹತ್ತಿರ ಕತ್ತರಿಸಿ ಬೆರಳಿನ ಕುಣಿಕೆ ಹಾಕಬೇಕು. ಟೇಪು ಬೇಕಿಲ್ಲ.

ಹೊಸ ದಾರದಲ್ಲಿ ಮೂರು ಸಲ ಇಳಿಯಿತು.

ದಿನ 10, 11, 12

ಮದುವೆ ಸೀಸನ್. ರವಿಕೆ, ಫಾಲ್, ಪಿಕೊ. ಯೋಯೋ ಮುಟ್ಟಲಿಲ್ಲ.

ದಿನ 15

ಎರಡು ಜಿಗಿತ ಒಟ್ಟಿಗೆ ಬರ್ತಿವೆ. ಮೂರನೆಯದು ಎಡವಟ್ಟು. ಪ್ರತಿ ಸಲ ಯೋಯೋ ನನ್ನ ಕಡೆಗೇ ಬೀಳುತ್ತೆ, ದಾರ ಅದರ ಆಚೆ ಇರುತ್ತೆ. ಯಾಕೆ ಅಂತ ಕಂಡುಹಿಡಿಯೋದಕ್ಕೆ ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತೆ. ತಂತಿಗೆ ಸಮನಾಗಿ ಭುಜ. ಮಗ ನೀರಿನ ಟ್ಯಾಂಕಿನ ಏಣಿ ಹತ್ತಿ ಮೇಲಿಂದ ಫೋನಲ್ಲಿ ವಿಡಿಯೊ ಮಾಡಿದ.

ಕಂಡಿತು! ಜಿಗಿತ ಆದ ಮೇಲೆ ಎರಡು ಕೈ ಹತ್ತಿರ ಬರಬೇಕು, ಇಲ್ಲದಿದ್ದರೆ ಯೋಯೋಗೆ ಮೇಲೆ ಹೋಗೋದಕ್ಕೆ ದಾರ ಸಾಲೋದಿಲ್ಲ. ಹಾಗೆ ಹತ್ತಿರ ಬರುವಾಗ ನನ್ನ ಬಲಗೈ ಪ್ರತಿ ಸಲ ಮುಂದಕ್ಕೆ ಹೋಗ್ತಿದೆ, ಎರಡು ಅಂಗುಲದಷ್ಟು. ತಂತಿಯ ನೆರಳಿನ ಗೆರೆ ದಾಟಿ ಹೋಗೋದು ವಿಡಿಯೊದಲ್ಲಿ ಸ್ಪಷ್ಟವಾಗಿದೆ. ಇಪ್ಪತ್ತು ವರ್ಷದಿಂದ ಮಷಿನ್ನಿನ ಮೇಲೆ ಬಲಗೈಯಿಂದ ಬಟ್ಟೆಯನ್ನ ಸೂಜಿಯ ಕಡೆ ಮುಂದಕ್ಕೆ ತಳ್ಳಿದ ಕೈ ಇದು. ಅದಕ್ಕೆ ಗೊತ್ತಿರುವ ದಾರಿಯಲ್ಲೇ ಅದು ಹೋಗುತ್ತೆ.

ಈಗ ಯೋಯೋ ಇಲ್ಲದೆ, ಬರೀ ಕೈ ಅಭ್ಯಾಸ. ನೆರಳಿನ ಗೆರೆಯ ಮೇಲೆ ಎರಡು ಕೈ. ಅಗಲ, ಹತ್ತಿರ, ಅಗಲ, ಹತ್ತಿರ.

ದಿನ 19

ಐದು!

ಗೆರೆಯ ಅಭ್ಯಾಸ ಫಲ ಕೊಟ್ಟಿದೆ. ಆದರೆ ಇವತ್ತು ಅರ್ಥವಾದ ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು.

ಮಧ್ಯಾಹ್ನ ಮಷಿನ್ ಸ್ಟಿಚ್ ಬಿಡ್ತಿತ್ತು. ಸೂಜಿ ಪ್ಲೇಟ್ ಬಿಚ್ಚಿ, ಚಕ್ರವನ್ನ ಕೈಯಿಂದ ನಿಧಾನಕ್ಕೆ ತಿರುಗಿಸಿ ನೋಡಿದೆ. ಸೂಜಿ ತಳಕ್ಕೆ ಹೋಗುತ್ತೆ. ಅಲ್ಲಿಂದ ಕೂದಲೆಳೆಯಷ್ಟು ಮೇಲೇಳುತ್ತೆ. ಆಗ ಸೂಜಿಯ ಪಕ್ಕದಲ್ಲಿ ದಾರ ಸಡಿಲವಾಗಿ ಒಂದು ಪುಟ್ಟ ಕುಣಿಕೆ ಉಬ್ಬುತ್ತೆ. ಶಟಲ್ಲಿನ ಮೂತಿ ಸರಿಯಾಗಿ ಆಗಲೇ ಬಂದು ಅದರೊಳಗೆ ತೂರುತ್ತೆ. ಮೂತಿ ಕುಣಿಕೆಯನ್ನ ಹುಡುಕೋದಿಲ್ಲ. ಕುಣಿಕೆ ಮೊದಲೇ ತಯಾರಾಗಿ ಅಲ್ಲಿರುತ್ತೆ. ಸೂಜಿ ಸ್ವಲ್ಪ ಬಾಗಿದ್ದರೂ ಕುಣಿಕೆ ದೂರ ಸರಿದು ಸ್ಟಿಚ್ ತಪ್ಪುತ್ತೆ. ನನ್ನ ಸೂಜಿ ಬಾಗಿತ್ತು, ಬದಲಾಯಿಸಿದೆ.

ಬದಲಾಯಿಸ್ತಾ ಇದ್ದಾಗಲೇ ಹೊಳೆಯಿತು. ನಾನು ಇಷ್ಟು ದಿನ ದಾರ ಹಿಡಿದುಕೊಂಡು ಯೋಯೋನ ಹಿಂದೆ ಹೋಗ್ತಿದ್ದೆ. ಅದು ಎಲ್ಲಿ ಬೀಳುತ್ತೋ ನೋಡಿ, ಅಲ್ಲಿಗೆ ದಾರ ಒಯ್ಯೋದಕ್ಕೆ ನೋಡ್ತಿದ್ದೆ. ಯೋಯೋ ಇನ್ನೂ ಮೇಲಿರುವಾಗಲೇ ದಾರ ಅದರ ಕೆಳಗೆ ನೇರವಾಗಿ ತಯಾರಿರಬೇಕು. ಅಂದರೆ ಕೈಗಳು ಹತ್ತಿರ ಬಂದು, ಅದು ಇಳಿಯೋದಕ್ಕೆ ಶುರುವಾಗುವ ಮೊದಲೇ ಮತ್ತೆ ಸ್ವಲ್ಪ ಅಗಲ ಆಗಿರಬೇಕು. ಆಮೇಲೆ ಏನೂ ಮಾಡಬಾರದು.

ಸಂಜೆ ಹಾಗೆ ಮಾಡಿದೆ. ಐದು ಬಂತು. ಆರನೆಯದರ ಹೊತ್ತಿಗೆ ಯೋಯೋ ವಾಲಿತು.

ದಿನ 23

ವಾಲುವುದೇ ಈಗಿನ ತೊಂದರೆ. ಒಂದೊಂದು ಸಲ ಇಳಿದಾಗಲೂ ದಾರ ಒಂದು ಬದಿಯ ಗೋಡೆಗೆ ಉಜ್ಜುತ್ತೆ. ವೇಗವೂ ಕಡಿಮೆಯಾಗುತ್ತೆ, ಯೋಯೋ ಮೆಲ್ಲಗೆ ಮುಖವನ್ನೂ ತಿರುಗಿಸುತ್ತೆ. ಅದನ್ನ ಸರಿಮಾಡೋದಕ್ಕೆ ದಾರದಿಂದ ಇನ್ನೊಂದು ಬದಿಗೆ ಒತ್ತಿದರೆ ಮತ್ತಷ್ಟು ಕೆಡುತ್ತೆ.

ಅಪ್ಪ ಊರಿಂದ ಬಂದಿದ್ದಾರೆ. ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದರು. "ತಿರುಗೋ ಬುಗುರಿನ ನೆಟ್ಟಗೆ ಮಾಡ್ತೀನಿ ಅಂತ ಬೆರಳು ಇಡ್ತಾರೇನವ್ವಾ? ಅದು ಎತ್ಲಾಗೆ ಹೋಗುತ್ತೋ ನೀನೂ ಅತ್ಲಾಗೇ ತಿರುಗು" ಅಂದರು. ಅಪ್ಪ ಒಂದು ಕಾಲಕ್ಕೆ ಬುಗುರಿಯನ್ನ ನೆಲಕ್ಕೆ ತಾಗಿಸದೆ, ಚಾಟಿ ಎಳೆದು ಅಂಗೈ ಮೇಲೆ ಹಿಡಿದು ಆಡಿಸ್ತಿದ್ದವರು.

ತಿರುಗುವ ವಸ್ತುವಿನ ಸ್ವಭಾವ ಇದು. ಈ ಕಡೆ ಒತ್ತಿದರೆ ಅದು ಈ ಕಡೆಗೇ ಬಾಗೋದಿಲ್ಲ. ಒತ್ತಿದ ದಿಕ್ಕಿಗೆ ಅಡ್ಡವಾಗಿ ತಿರುಗುತ್ತೆ. ಬುಗುರಿ ಬೀಳುವ ಮೊದಲು ತಲೆ ಸುತ್ತಿಸುತ್ತೆ ನೋಡಿ, ಅದೂ ಇದೇ ಕಾರಣಕ್ಕೆ. ಅಪ್ಪನಿಗೆ ಅದು ಕೈಯಲ್ಲೇ ಗೊತ್ತು.

ಯೋಯೋ ಎಡಕ್ಕೆ ಮುಖ ತಿರುಗಿಸಿದಾಗ ನಾನೂ ಕಾಲು ಸರಿಸಿ ಎಡಕ್ಕೆ ತಿರುಗಿದೆ. ಏಳು ಬಂತು. ಶುರು ಮಾಡಿದಾಗ ದಕ್ಷಿಣಕ್ಕೆ ನಿಂತಿದ್ದೆ, ಮುಗಿಸುವಾಗ ಪೂರ್ವಕ್ಕೆ ಮುಖ ಇತ್ತು.

ದಿನ 26

ಎಂಟು. ಒಂಬತ್ತು. ಎಂಟು. ಬೈಂಡ್ ಮಾಡೋದಕ್ಕೆ ವೇಗ ಉಳಿಯೋದಿಲ್ಲ. ಬೈಂಡ್ ಅಂದರೆ ದಾರದ ಒಂದು ಮಡಿಕೆಯನ್ನ ಸಂದಿನೊಳಗೆ ತೂರಿಸಿ, ಒಳಗಿನ ರಬ್ಬರಿನಂಥ ಬಿಲ್ಲೆಗೆ ಕಚ್ಚಿಸೋದು. ಅದಕ್ಕೆ ಒಳ್ಳೆ ವೇಗ ಬೇಕು. ಹಾಗಾಗಿ ಎರಡು ದಿನ ಬರೀ ಎಸೆತವನ್ನೇ ಗಟ್ಟಿ ಮಾಡ್ತೇನೆ, ಭುಜದಿಂದ.

ಹಿರೊಯುಕಿ ಸುಜುಕಿಯವರ ಆಟ ನೋಡ್ತಾ ಕೂತಿದ್ದೆ ರಾತ್ರಿ. ಒಂದು ಯೋಯೋ, ಒಂದು ದಾರದ ವಿಭಾಗದಲ್ಲಿ ನಾಲ್ಕು ಸಲ ವಿಶ್ವ ಚಾಂಪಿಯನ್: 2004, 2005, 2006, ಆಮೇಲೆ ಆರು ವರ್ಷ ಬಿಟ್ಟು 2012. ಕೈಯ ವೇಗ ನೋಡಿ ಎಲ್ಲರೂ ಬೆರಗಾಗ್ತಾರೆ. ನಾನು ನಿಧಾನ ಮಾಡಿ ನೋಡಿದೆ. ಯೋಯೋ ಬರುವ ಮೊದಲೇ ದಾರ ಹೋಗಿ ಅಲ್ಲಿ ನಿಂತಿರುತ್ತೆ. ಪ್ರತಿ ಸಲ.

ದಿನ 31

ಬಂತು. ಬೆಳಗ್ಗೆ 6.40. ಹನ್ನೊಂದು ಜಿಗಿತ, ಬೈಂಡ್, ಅಂಗೈಗೆ ಟಪ್ ಅಂತ. ಹತ್ತಕ್ಕೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಲೆಕ್ಕ ತಪ್ಪಿ ಇನ್ನೊಂದು ಹಾಕಿದೆ. ಯೋಯೋ ಬಿಸಿಯಾಗಿತ್ತೋ, ನನ್ನ ಕೈ ಬಿಸಿಯಾಗಿತ್ತೋ ಗೊತ್ತಿಲ್ಲ. ಕೆಳಗಿಳಿದು ಮಗನನ್ನ ಎಬ್ಬಿಸಿ ಕರೆದುಕೊಂಡು ಬಂದೆ. ಅವನ ಮುಂದೆ ಎರಡು ಸಲ ತಪ್ಪಿತು, ಮೂರನೆಯ ಸಲ ಹತ್ತು ಬಂತು. "ಸೂಪರ್ ಅಮ್ಮಾ, ನಂಗೂ ಇಷ್ಟು ಬಂದಿರಲಿಲ್ಲ" ಅಂದ. ನಿದ್ದೆಗಣ್ಣಲ್ಲಿ ಹೇಳಿದರೂ ಅವನು ಸುಮ್ನೆ ಹೊಗಳುವ ಹುಡುಗ ಅಲ್ಲ.

ಅಪ್ಪನಿಗೆ ಅಂಗಳದಲ್ಲಿ ತೋರಿಸಿದೆ. ಒಂಬತ್ತು ಬಂತು. ಅವರು ಬೆರಳು ಮಡಿಸಿ ಮಡಿಸಿ ಎಣಿಸಿದರು. ಆಮೇಲೆ ಕೈ ಚಾಚಿ ಯೋಯೋ ಇಸಕೊಂಡು, ಅಂಚನ್ನ ಉಗುರಿಂದ ಮುಟ್ಟಿ ನೋಡಿ, ಬಲಗೈ ನಡುಬೆರಳನ್ನ ಕುಣಿಕೆಗೆ ತೂರಿಸಿದರು. ಅವರು ನನಗಿಂತ ಗಿಡ್ಡ, ದಾರ ಉದ್ದವಾಯಿತು.

ಮಧ್ಯಾಹ್ನ 5 ಎಳೆ ಸೇರಿಸಿ ಹೊಸ ದಾರ ಹೊಸೆದೆ. ಕಿಟಕಿ ಕಡೆಯ ತುದಿಯನ್ನ ಅಪ್ಪನೇ ಹಿಡಿದಿದ್ದರು. ಆಮೇಲೆ ಎದ್ದು ನೆಟ್ಟಗೆ ನಿಂತರು. ಯೋಯೋನ ಅವರ ಕಾಲ ಬಳಿ ಇಟ್ಟು, ದಾರ ಮೇಲಕ್ಕೆಳೆದು, ಹೊಕ್ಕುಳಿನ ಹತ್ತಿರ ಕತ್ತರಿ ಹಾಕಿದೆ.