ಅಪ್ಪನ ಹೆಸರು ಅವರ ಪಟ್ಟಿಯಲ್ಲೂ ಇತ್ತು

ಅಪ್ಪ ತೀರಿಕೊಂಡಾಗ ನಾನು ಊರಿಗೆ ಹೋಗಲಿಲ್ಲ. ಹೋಗುವ ಹಾಗೇ ಇರಲಿಲ್ಲ. ನನಗೆ ಆಗ ತುಂಬು ತಿಂಗಳು. 36 ವಾರ ದಾಟಿದ ಬಸುರಿಯನ್ನು ವಿಮಾನದವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಹತ್ತಿಸಿಕೊಂಡಿದ್ದರೂ ಡಬ್ಲಿನ್‌ನಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ; ದುಬೈಯಲ್ಲೋ ದೋಹಾದಲ್ಲೋ ಇಳಿದು ಹತ್ತಬೇಕು. ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅದೇ ದಿನ ಹೊತ್ತು ಮುಳುಗುವ ಮೊದಲೇ ತೋಟದಲ್ಲಿ ಮಣ್ಣು ಮಾಡಿದರು. ಅಣ್ಣನ ಮಗ ಫೋನ್ ಹಿಡಿದುಕೊಂಡಿದ್ದ. ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಒಂದು ಸಣ್ಣ ಊರಿನಲ್ಲಿ, ಅಡುಗೆಮನೆಯಲ್ಲಿ ನಿಂತು ನಾನು ನೋಡಿದೆ. ಇಲ್ಲಿ ಆಗಿನ್ನೂ ಮಧ್ಯಾಹ್ನ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಲ್ವಾ? ಅಕ್ಕಪಕ್ಕದವರು, ನೆಂಟರು ಅನ್ನ ಸಾರು ಮಾಡಿ ತರುತ್ತಾರೆ. ಬೇಡ ಅಂದರೂ ಬಿಡದೆ ಉಣ್ಣಿಸುತ್ತಾರೆ. ಆ ದಿನ ನಮ್ಮ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ನಮ್ಮವರು ಕಸದ ಡಬ್ಬಿ ಹೊರಗಿಡಲು ಹೋದಾಗ ವಿಷಯ ಹೇಳಿದ್ದರಂತೆ. ಅಜ್ಜಿಯ ಕೈಯಲ್ಲಿ ಪಾತ್ರೆ ತುಂಬ ತರಕಾರಿ ಸೂಪು, ಬಟ್ಟೆಯಲ್ಲಿ ಸುತ್ತಿದ ಬಿಸಿ ಸೋಡಾ ಬ್ರೆಡ್. ನನ್ನ ಕೈ ಹಿಡಿದುಕೊಂಡು ಸುಮ್ನೆ ಕೂತರು. ಬಹಳ ಹೊತ್ತಾದ ಮೇಲೆ, "ನಿಮ್ಮಪ್ಪನ ಬಗ್ಗೆ ಹೇಳಮ್ಮ, ಹೇಗಿದ್ದರು?" ಅಂತ ಕೇಳಿದರು.

ಇಲ್ಲಿನವರು ಸಾವನ್ನು ಮುಚ್ಚಿಡುವುದಿಲ್ಲ. ವೇಕ್ ಅಂತ ಒಂದು ಪದ್ಧತಿ ಇದೆ. ಪೆಟ್ಟಿಗೆಯನ್ನು ಮನೆಯಲ್ಲಿ ತೆರೆದಿಟ್ಟು ರಾತ್ರಿಯೆಲ್ಲ ಜೊತೆಗೆ ಕೂರುತ್ತಾರೆ. ಊರವರು ಬಂದು ಮನೆಯವರ ಕೈ ಹಿಡಿದು ಮಾತಾಡಿಸುತ್ತಾರೆ. ಚಹಾ ಆಗುತ್ತದೆ, ಹೋದವರ ಕಥೆಗಳಾಗುತ್ತವೆ, ನಗು ಅಳು ಎರಡೂ ಆಗುತ್ತದೆ. ಯಾರು ಹೋದರು, ಮಣ್ಣು ಯಾವಾಗ ಅಂತ ತಿಳಿಯಲು ಒಂದು ವೆಬ್‌ಸೈಟೇ ಇದೆ. ಊರುಕಡೆಯ ರೇಡಿಯೊಗಳಲ್ಲಿ ಸಾವಿನ ಸುದ್ದಿ ಓದುತ್ತಾರೆ. 2016ರ ಜನಗಣತಿಯಲ್ಲಿ ತಾವು ಕ್ಯಾಥೊಲಿಕರು ಅಂದವರು ನೂರಕ್ಕೆ 79 ಇದ್ದರು, 2022ಕ್ಕೆ 69 ಆಗಿದ್ದಾರೆ. ಆದರೆ ಭಾನುವಾರ ಚರ್ಚಿಗೆ ಹೋಗದವರೂ ಸಾವಿಗೆ ಹೋಗದೆ ಇರುವುದು ನಾನು ಕಂಡಂತೆ ಕಡಿಮೆ. ಮಂಡ್ಯ ಸೀಮೆಯವಳಾದ ನನಗೆ ಇದ್ಯಾವುದೂ ಹೊಸದು ಅನ್ನಿಸಲಿಲ್ಲ.

ಅಪ್ಪ ಮಾದಪ್ಪನ ಒಕ್ಕಲು. ಮೈಯಲ್ಲಿ ಶಕ್ತಿ ಇರುವ ತನಕ ಶಿವರಾತ್ರಿಗೆ ಊರವರ ಜೊತೆ ನಡೆದೇ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತಿದ್ದರು. ತಾಳಬೆಟ್ಟದಿಂದ ಮೇಲಕ್ಕೆ ಬರಿಗಾಲು. ಅದನ್ನೇ ಹೇಳಿದೆ. ಅಜ್ಜಿ ತಲೆಯಾಡಿಸಿದರು. ಪಶ್ಚಿಮದ ಮೇಯೊ ಕೌಂಟಿಯಲ್ಲಿ ಕ್ರೋ ಪ್ಯಾಟ್ರಿಕ್ ಅಂತ ಬೆಟ್ಟ ಇದೆ, 764 ಮೀಟರ್ ಎತ್ತರ. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಹರಕೆ ಹೊತ್ತು ಹತ್ತುತ್ತಾರೆ. ಮೇಲೆ ಮೇಲೆ ಹೋದಂತೆ ಬರೀ ಸಡಿಲು ಕಲ್ಲು. ತಾಯಿ ತೀರಿಕೊಂಡ ವರ್ಷ ಅಜ್ಜಿ ಅದನ್ನು ಬರಿಗಾಲಲ್ಲಿ ಹತ್ತಿದ್ದರಂತೆ. ಅಪ್ಪ ಬೆಟ್ಟಕ್ಕೆ ಯಾಕೆ ಹಾಗೆ ಹೋಗುತ್ತಿದ್ದರು ಅಂತ ಅವರಿಗೆ ನಾನು ವಿವರಿಸಬೇಕಾಗಲಿಲ್ಲ. ಆ ಸಂಜೆ ನಾನು ಮೊದಲ ಸಲ ಜೋರಾಗಿ ಅತ್ತೆ.

ಫೋನಿನಲ್ಲಿ ಎಷ್ಟೋ ಜನ "ಅಪ್ಪನೇ ನಿನ್ನ ಹೊಟ್ಟೇಲಿ ಹುಟ್ಟಿ ಬರ್ತಾರೆ ಕಣವ್ವ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಅಪ್ಪ ಅಪ್ಪನಾಗಿಯೇ ಬೇಕಿತ್ತು. ಮಗುವನ್ನು ಮಗುವಾಗಿಯೇ ಎತ್ತಿಕೊಳ್ಳಬೇಕಿತ್ತು. ನನಗೆ ಆಸರೆಯಾದದ್ದು ಬೆಳಿಗ್ಗೆ ಸಂಜೆ ಹಚ್ಚುತ್ತಿದ್ದ ದೀಪ, ಹಣೆಗೆ ಇಟ್ಟುಕೊಳ್ಳುತ್ತಿದ್ದ ಬೆಟ್ಟದ ವಿಭೂತಿ. ಮಾದಪ್ಪನ ಮುಂದೆ ಕೂತು ಅವನನ್ನೇ ಬೈದೆ. ಇನ್ನೊಂದು ತಿಂಗಳು ತಡೆಯಲಾಗಲಿಲ್ವಾ ನಿನಗೆ ಅಂತ ಕೇಳಿದೆ. ಬೈದರೂ ಎದ್ದು ಹೋಗದೆ ಕೂತು ಕೇಳುವವನು ಒಬ್ಬ ಬೇಕು. ಭಕ್ತಿ ಅಂದರೆ ನನಗೆ ಆ ದಿನಗಳಲ್ಲಿ ಅಷ್ಟೇ ಆಗಿತ್ತು.

ಕೆಲಸದ ಕಡೆಯ ಗೆಳತಿಯೊಬ್ಬಳು ಕೇರಳದವಳು, ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದಳು. ಗಂಜಿ, ಹೆಸರುಕಾಳಿನ ಪಲ್ಯ ಮಾಡಿ, ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. "ನಮ್ಮ ಜಪಮಾಲೆ ಹೇಳಲಾ, ನಿಂಗೇನೂ ಬೇಜಾರಿಲ್ವಲ್ಲ?" ಅಂತ ಒಮ್ಮೆ ಕೇಳಿದಳು. ಮಲಯಾಳದ ಆ ಪ್ರಾರ್ಥನೆ ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ಕೇಳುತ್ತಾ ನಿದ್ದೆ ಬರುತ್ತಿತ್ತು. ನನಗೆ ಆಗ ಬೇಕಿದ್ದದ್ದೂ ನಿದ್ದೆಯೇ.

ಹನ್ನೊಂದನೇ ದಿನ, ಊರಲ್ಲಿ ತಿಥಿ ನಡೆಯುತ್ತಿದ್ದಾಗ, ಇಲ್ಲಿನ ಕನ್ನಡದ ಮನೆಗಳವರು ನಮ್ಮ ಮನೆಯಲ್ಲಿ ಸೇರಿದರು. ದಾವಣಗೆರೆಯವರೊಬ್ಬರು, ಉಡುಪಿಯವರೊಬ್ಬರು, ಮೈಸೂರಿನವರೊಬ್ಬರು. ಏನು ಅಡುಗೆ ಮಾಡಬೇಕು, ಏನು ಮಾಡಬಾರದು ಅಂತ ಪಾಪ ಅವರವರಲ್ಲೇ ಚರ್ಚೆ. ಕೊನೆಗೆ ನನ್ನ ಅಮ್ಮನಿಗೇ ವಿಡಿಯೊ ಕಾಲ್ ಮಾಡಿದರು. ಅಷ್ಟು ದಿನ ಬಾಯಿಬಿಡದಿದ್ದ ಅಮ್ಮ, "ಕಜ್ಜಾಯದ ಪಾಕ ಹಾಗಲ್ಲ ಕಣ್ರವ್ವ" ಅಂತ ಶುರು ಮಾಡಿದವಳು ಅರ್ಧ ಗಂಟೆ ಮಾತಾಡಿದಳು. ಆ ಹೆಂಗಸರಿಗೆ ನಾನು ಯಾವತ್ತೂ ಋಣಿ.

ನವೆಂಬರ್ ಬಂತು. ಕ್ಯಾಥೊಲಿಕರಿಗೆ ಅದು ತೀರಿಹೋದವರ ತಿಂಗಳು, 2ನೇ ತಾರೀಕು ಎಲ್ಲ ಆತ್ಮಗಳ ದಿನ. ಪ್ರತಿ ಮನೆಯವರೂ ತಮ್ಮಲ್ಲಿ ಹೋದವರ ಹೆಸರು ಬರೆದು ಲಕೋಟೆಯಲ್ಲಿ ಚರ್ಚಿಗೆ ಕೊಡುತ್ತಾರೆ. ಆ ಪಟ್ಟಿಗಳು ತಿಂಗಳಿಡೀ ಪೂಜೆಯ ಪೀಠದ ಬಳಿ ಇರುತ್ತವೆ, ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ನಮ್ಮ ಪಿತೃಪಕ್ಷದ ಹಾಗೇ. ಅಜ್ಜಿ ಕಾಗದ ಪೆನ್ನು ಹಿಡಿದು ಬಂದು ಅಪ್ಪನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು. ಅವರ ಗಂಡ, ಅವರ ತಾಯಿ, ತಂದೆ, ತಮ್ಮ, ಅವರ ಕೆಳಗೆ ನಮ್ಮಪ್ಪ. ದಾಟಿ ಬಂದ ಊರುಗಳಲ್ಲಿ ಮಾದಪ್ಪನ ಹೆಸರು ಹೇಳಿ ನೀರು ಕೊಟ್ಟ ಮನೆಗಳನ್ನು ಅಪ್ಪ ಎಂದೂ ಮರೆಯುತ್ತಿರಲಿಲ್ಲ. ಈ ಮನೆಯನ್ನೂ ಮರೆಯುತ್ತಿರಲಿಲ್ಲ.

ಆ ತಿಂಗಳೇ ಮಗಳು ಹುಟ್ಟಿದಳು. ಕಿಲ್ಡೇರ್ ಸಂತ ಬ್ರಿಜಿಡ್ ಅವರ ನಾಡು. ಬಾಣಂತಿಯರನ್ನು, ಹಸುಗೂಸುಗಳನ್ನು ಕಾಯುವ ತಾಯಿ ಅಂತ ಇಲ್ಲಿನವರು ನಂಬುತ್ತಾರೆ. ಜೊಂಡಿನಲ್ಲಿ ಹೆಣೆದ ಅವರ ಶಿಲುಬೆಯನ್ನು ಅಜ್ಜಿ ತಂದುಕೊಟ್ಟರು. ಅದು ಬಾಗಿಲ ಮೇಲೆ, ತೋರಣದ ಪಕ್ಕದಲ್ಲೇ ಇದೆ.

ಊರಲ್ಲಿರುವವರಿಗೆ ಒಂದು ಮಾತು. ದೂರದಲ್ಲಿರುವ ಮಗಳಿಗೆ, ತಮ್ಮನಿಗೆ ಸಾವಿನ ಸುದ್ದಿಯನ್ನು ತಡಮಾಡದೆ ಹೇಳಿ. "ಅವಳು ಬಸುರಿ, ಆಮೇಲೆ ಹೇಳೋಣ" ಅಂತ ನಮ್ಮ ಮನೆಯಲ್ಲೂ ಮಾತು ಬಂದಿತ್ತಂತೆ. ಅಣ್ಣ ಒಪ್ಪಲಿಲ್ಲ. ಫೋನ್ ಹಿಡಿದು ತೋರಿಸುವ ಒಬ್ಬ ಹುಡುಗನನ್ನು ಗೊತ್ತು ಮಾಡಿ. ತಿಥಿ ಮುಗಿದ ಮೇಲೂ ಫೋನ್ ಮಾಡುತ್ತಿರಿ. ನೀವು ತೋಟಕ್ಕೆ ಹೋದರೆ ಮಣ್ಣು ಮಾಡಿದ ಜಾಗ ಕಾಣುತ್ತದೆ, ನಮಗೆ ಅದೂ ಇಲ್ಲ.

ಈಗ ಮಹಾಲಯ ಅಮಾವಾಸ್ಯೆಗೆ ನಾನು ಇಲ್ಲೇ ಎಡೆ ಇಡುತ್ತೇನೆ. ಮುದ್ದೆ, ಕೋಳಿ ಸಾರು, ಕಜ್ಜಾಯ, ಒಂದು ಕಟ್ಟು ಎಲೆ ಅಡಿಕೆ. ಕಳೆದ ಸಲ ಅಜ್ಜಿಯ ಗಂಡನಿಗೂ ಒಂದು ಎಲೆ ಹಾಕಿದೆ. ಅವರಿಗೆ ಏನು ಇಷ್ಟ ಅಂತ ಅಜ್ಜಿಯನ್ನೇ ಕೇಳಿ ಆಲೂಗಡ್ಡೆ, ಬೆಣ್ಣೆ ಬಡಿಸಿದೆ. ಅಜ್ಜಿಗೆ ಈಗ ಮಂಡಿನೋವು ಜಾಸ್ತಿ. ಬೇಸಿಗೆಯಲ್ಲಿ ಸಮಾಧಿಗಳಿಗೆ ಮಂತ್ರಜಲ ಹಾಕುವ ಭಾನುವಾರ ಬರುತ್ತದೆ. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದು ನಮ್ಮವರು, ಹೂವು ತರುವುದು ನಾನು ಅಂತ ಈಗಲೇ ಮಾತಾಗಿದೆ.