ಅಕ್ಕನ ಮಗ ಕಳಿಸಿದ ಎರಡು ರೆಕಾರ್ಡಿಂಗ್

ಅಕ್ಕನ ಮಗ ಮುಲುಂಡಿನಲ್ಲಿ ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಾನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ಹಿಡಿಯುತ್ತಾರೆ. ಒಬ್ಬರು ಮಾತ್ರ ಆಡಿಸುತ್ತಾರೆ. ಕಾಡು, ರಾಕ್ಷಸ, ಅಂಗಡಿಯವನು, ದಾರಿಯಲ್ಲಿ ಸಿಗುವ ಮುದುಕಿ ಎಲ್ಲಾ ಅವರೇ. ಅವರಿಗೆ ಗೇಮ್ ಮಾಸ್ಟರ್ ಅಂತ ಹೆಸರು. ಹಿಡಿದ ಕೆಲಸ ಆಗುತ್ತೋ ಇಲ್ಲವೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಇವರ ಗುಂಪಿನಲ್ಲಿ ಆಡಿಸುವವರು ಇಬ್ಬರು. ಒಬ್ಬ ನಮ್ಮ ಹುಡುಗ. ಇನ್ನೊಬ್ಬಳು ಅವನ ಕಾಲೇಜಿನ ಮರಾಠಿ ಹುಡುಗಿ. ತಿಂಗಳುಗಟ್ಟಲೆ ನಡೆಯುವ ಒಂದು ದೊಡ್ಡ ಕಥೆ ಶುರು ಮಾಡಬೇಕಿತ್ತು, ಯಾರು ಆಡಿಸಬೇಕು ಅಂತ ಜಗಳ. "ಮಾವ, ನೀವು ಹೊರಗಿನವರು, ಕೇಳಿ ಹೇಳಿ" ಅಂತ ಇಬ್ಬರ ರೆಕಾರ್ಡಿಂಗನ್ನೂ ಕಳಿಸಿದ. ಆಟಕ್ಕೆ ಹೊರಗಿನವನೇನೋ ಹೌದು. ಆದರೆ ಮಾತು ಕೇಳುವ ಚಟ ನನಗೆ ಹಳೆಯದು. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದರೆ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ತಾಳಮದ್ದಳೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂರುವವನು ನಾನು.

ಭಾನುವಾರ ಊಟ ಮುಗಿಸಿ ಮೊದಲು ನಮ್ಮವನದ್ದು ಹಾಕಿದೆ. ಹಿಂದೆ ಸಂಗೀತ, ಬಾಗಿಲು ಕಿರುಗುಟ್ಟುವ ಸದ್ದು, ಪಾತ್ರಕ್ಕೊಂದು ದನಿ. ಹೆಂಡದಂಗಡಿಯ ವರ್ಣನೆ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತ್ತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗುಹೆ ಬಂತು. ಒಬ್ಬ ಹುಡುಗ ಹೇಳಿದ, ನಾವು ಒಳಗೆ ಹೋಗಲ್ಲ, ಕಾವಲುಗಾರನಿಗೆ ಕುಡಿಸಿ ಅವನ ಬಾಯಿ ಬಿಡಿಸೋಣ. ನಮ್ಮವನು ಅರೆಗಳಿಗೆ ಸುಮ್ಮನಾದ. "ಅವನು ಕುಡಿಯಲ್ಲ." ಸರಿ, ದುಡ್ಡು ಕೊಡೋಣ. "ಅವನು ಲಂಚ ಮುಟ್ಟಲ್ಲ." ಗುಡ್ಡದ ಹಿಂದಿನಿಂದ ಅಗೆಯೋಣ. "ಅಲ್ಲಿ ಪೂರ್ತಿ ಬಂಡೆ." ಇಷ್ಟು ಶುದ್ಧ ಚಾರಿತ್ರ್ಯದ ಕಾವಲುಗಾರನನ್ನು ನಾನಂತೂ ಎಲ್ಲೂ ಕಂಡಿಲ್ಲ. ಕೊನೆಗೆ ಎಲ್ಲರೂ ಗುಹೆಗೇ ಹೋದರು. ಅಲ್ಲಿಂದ ಮುಂದೆ ಆ ಹುಡುಗನ ದನಿ ಜಾಸ್ತಿ ಕೇಳಲಿಲ್ಲ. ಯಾರೋ ಚಿಪ್ಸ್ ಪೊಟ್ಟಣ ಒಡೆದದ್ದು ಕೇಳಿತು.

ತಾಳಮದ್ದಳೆಯ ವಾಲಿವಧೆ ಪ್ರಸಂಗದಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನ ಬೆವರಿಳಿಸಲಿ, ಸಾಯೋದು ತಪ್ಪೋದಿಲ್ಲ. ಭಾಗವತರು ಹಾಡುವ ಪದ್ಯದಲ್ಲೇ ಅದು ತೀರ್ಮಾನ ಆಗಿದೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಮಾತು ಸ್ವಂತದ್ದು, ಕಥೆ ಅಲ್ಲ. ಅದು ಗೊತ್ತಿದ್ದೇ ನಾವು ಹೋಗುತ್ತೇವೆ. ಆದರೆ ಈ ಆಟಕ್ಕೆ ಕರೆಯುವಾಗ ಕಥೆಯೂ ನಿಮ್ಮ ಕೈಯಲ್ಲೇ ಅಂತ ಹೇಳಿ ಕೂರಿಸಿರುತ್ತಾರೆ. ಕೂರಿಸಿದ ಮೇಲೆ ವಾಲಿವಧೆ ಆಡಿಸಿದರೆ ಹೇಗೆ?

ಹುಡುಗಿಯ ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದೇ ಜೋರು. ಸಂಗೀತ ಇಲ್ಲ, ಬೇರೆ ಬೇರೆ ದನಿ ಇಲ್ಲ. ಕಮ್ಮಾರನ ಹೆಸರು ಮರೆತು ಪುಟ ತಿರುವುತ್ತಾಳೆ, ಆಮೇಲೆ ಬೇರೇನೋ ಹೆಸರು ಹೇಳುತ್ತಾಳೆ. ಸಂತೆಯಲ್ಲಿ ಹಗ್ಗಕ್ಕೆ ಚೌಕಾಸಿ ಮಾಡುವುದನ್ನು ಎಳೆದೂ ಎಳೆದೂ ನನಗೆ ತೂಕಡಿಕೆ ಬಂತು.

ಎಚ್ಚರ ಆದದ್ದು ಬೀಗದ ಹತ್ತಿರ. ಬೀಗ ತೆಗೆಯಲು ದಾಳದ ಲೆಕ್ಕ 15 ಮುಟ್ಟಬೇಕು. ದಾಳ ಹಾಕಲು ಇವರು ಸ್ಟೀಲ್ ತಟ್ಟೆ ಇಟ್ಟುಕೊಂಡಿದ್ದಾರೆ, ಠಣ್ ಅಂತ ಬಿತ್ತು. ನಾಲ್ಕು. ಪಾತ್ರದ ಕೈಚಳಕಕ್ಕೆ ಐದು ಸೇರಿಸಿದರೂ ಒಂಬತ್ತೇ. ಇಂಥದ್ದೇ ಜಾಗ ನಮ್ಮವನ ಆಟದಲ್ಲೂ ಇತ್ತು. ಅಲ್ಲಿ "ತೆಗೆಯಲಿಲ್ಲ" ಅಂದಿದ್ದ. ಇನ್ನೊಬ್ಬ ಹಾಕಿದ, ತೆಗೆಯಲಿಲ್ಲ. ಮತ್ತೊಬ್ಬ ಹಾಕಿದ. ಕಥೆ ಬಾಗಿಲಲ್ಲೇ ಕಾಲು ಚಾಚಿ ಕೂತಿತ್ತು. ಇವಳು ಬೇರೆಯೇ ಹೇಳಿದಳು: "ಬೀಗ ತೆಗೆಯಿತು. ಆದರೆ ಕಡ್ಡಿ ಮುರಿದು ತುಂಡು ನೆಲಕ್ಕೆ ಬಿತ್ತು. ಒಳಗೆ ಯಾರೋ ದೀಪ ಹಚ್ಚಿದರು. ಏನು ಮಾಡ್ತೀರಿ?" ನಾಲ್ಕೂ ಜನ ಒಟ್ಟಿಗೇ ಮಾತಾಡಿದರು. ಆಮೇಲೆ, ಅಲ್ಲಿಯವರೆಗೂ ಬಾಯಿ ಬಿಡದ ಒಬ್ಬನನ್ನು ಹೆಸರು ಹಿಡಿದು ಕೇಳಿದಳು: "ನಿನ್ನ ಕೈಯಲ್ಲಿ ಈಗ ಏನಿದೆ?" ಅವನ ಕೈಯಲ್ಲಿ ಸಂತೆಯಲ್ಲಿ ಕೊಂಡ ಹಗ್ಗ ಇತ್ತು. ಚೌಕಾಸಿಯನ್ನು ನಾನು ಅಲ್ಲಿಗೆ ಕ್ಷಮಿಸಿದೆ.

ನಮ್ಮವನ ಮೇಲೆ ಕ್ರಿಟಿಕಲ್ ರೋಲ್ ಪ್ರಭಾವ ಇದೆ, ಅದು ಗೊತ್ತಾಗುತ್ತದೆ. ಇದೇ ಆಟ ಆಡಿ ತೋರಿಸುವ, 2015ರಲ್ಲಿ ಇಂಟರ್ನೆಟ್ಟಿನಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಮೊದಲಿಂದ ಆಡಿದವರೆಲ್ಲ ಕಂಠದಾನ ಕಲಾವಿದರು. ವರ್ಷಗಟ್ಟಲೆ ಅದನ್ನು ಆಡಿಸಿದ ಮ್ಯಾಥ್ಯೂ ಮರ್ಸರ್ ಕೂಡ ಅದೇ ಕಸುಬಿನವರು. ಒಂದೊಂದು ಕಂತು ಮೂರು, ನಾಲ್ಕು ಗಂಟೆ. ಅವರು ನೋಡುವವರಿಗಾಗಿಯೂ ಆಡುತ್ತಾರೆ. ಮನೆ ಮೇಜಿನಲ್ಲಿ ನೋಡುವವರೇ ಇಲ್ಲ. ನನ್ನ ಚಹಾ ಆರಿಸಿದ ವರ್ಣನೆ ನನ್ನ ಸಂತೋಷಕ್ಕೆ ಹೊರತು ಅಲ್ಲಿ ಕೂತವರಿಗಲ್ಲ. ಅದಕ್ಕೇ ದನಿಗೆ ನಾನು ಅಂಕ ಕೊಡಲಿಲ್ಲ. ಆಡಿಸುವವರು ಎಣಿಸಿರದ್ದೇನೋ ಆಟಗಾರ ಹೇಳಿದಾಗ ಅವರು ಅದನ್ನು ಎತ್ತಿಕೊಳ್ಳುತ್ತಾರೋ, ತಳ್ಳಿಹಾಕುತ್ತಾರೋ ಅಷ್ಟನ್ನೇ ಕೇಳಿಸಿಕೊಂಡೆ.

ಸಂಜೆ ಫೋನ್ ಮಾಡಿ, ಅವಳೇ ಆಡಿಸಲಿ ಅಂತ ಹೇಳಿದೆ. ಅವನಿಗೆ ಬೇಜಾರಾಯಿತು, ಆಗಲೇಬೇಕಲ್ವಾ. "ಮಾವ, ವಾರ ಪೂರ್ತಿ ಕೂತು ಆ ಗುಹೆಯ ನಕ್ಷೆ ಬರೆದಿದ್ದೆ. ಅದನ್ನ ಏನು ಮಾಡಲಿ?" ಅಂದ. ಮಾತು ನಿಜ. ಕಾವಲುಗಾರನ ಮನೆಯ ನೆಲಮಾಳಿಗೆಗೆ ಅದೇ ನಕ್ಷೆ ಹಾಕು ಅಂದೆ. "ಅದೂ ಮೋಸವೇ. ಎಲ್ಲಿ ಹೋದರೂ ನಾನು ಬರೆದದ್ದೇ ಸಿಗುತ್ತೆ ಅಂದರೆ ಅವರು ಆರಿಸಿಕೊಂಡದ್ದೇನು?" ಅಂತ ತಿರುಗಿಸಿ ಕೇಳಿದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಲೆ ಇರುವ ಹುಡುಗ.

ಕೊನೆಗೆ ಅವರು ದೊಡ್ಡ ಕಥೆಯನ್ನು ಅವಳಿಗೇ ಕೊಟ್ಟರು. ಅದಕ್ಕೆ ನನ್ನ ಮಾತು ಎಷ್ಟು ಕಾರಣವೋ, ಆ ಕಾವಲುಗಾರ ಎಷ್ಟು ಕಾರಣವೋ. ಇವನು ಈಗ ಅದೇ ಕಥೆಯಲ್ಲಿ ಬಾಯಿಬಡುಕ ಪುರೋಹಿತನ ಪಾತ್ರ ಹಿಡಿದಿದ್ದಾನೆ. ದನಿಗೆಲ್ಲ ಅಲ್ಲಿ ಒಳ್ಳೆ ಕೆಲಸ ಸಿಕ್ಕಿದೆ.

ನನಗೆ ಉಳಿದದ್ದು ಒಂದೇ ಅನುಮಾನ. ಅವನ ಆಟದಲ್ಲಿ ಒಂದು ಕಡೆ ಒಬ್ಬ ಹುಡುಗಿಯ ಪಾತ್ರ ಇನ್ನೇನು ಸಾಯುವುದರಲ್ಲಿತ್ತು. ಇವನು ಆಟಗಾರರಿಗೆ ಕಾಣದ ಹಾಗೆ ರಟ್ಟಿನ ಪರದೆಯ ಹಿಂದೆ ಎದುರಾಳಿಯ ಪರವಾಗಿ ದಾಳ ಹಾಕಿದ. ಒಂದು ಉಸಿರು ತಡೆದು, "ಗುರಿ ತಪ್ಪಿತು" ಅಂದ. ರೆಕಾರ್ಡಿಂಗಿನಲ್ಲಿ ಸದ್ದು ಕೇಳುತ್ತದೆ, ಎಷ್ಟು ಬಿತ್ತು ಅಂತ ಕಾಣಲ್ಲ. ಮೊನ್ನೆ ಮನೆಗೆ ಬಂದಾಗ ಕೇಳಿದೆ. ತಟ್ಟೆಯಲ್ಲಿದ್ದ ನೀರುದೋಸೆ ಮಡಚುತ್ತಾ ಅಂದ, "ಅದೊಂದು ಬಿಟ್ಟು ಬೇರೇನು ಬೇಕಾದ್ರೂ ಕೇಳಿ ಮಾವ."